‘ರೋಲ್‌ಬ್ಯಾಕ್’ ಅನ್ನೋದಕ್ಕೆ ‘ಬಿಚ್ಚು’ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್‌ಗಳ (ಗೂಡಿನಿಂದ ನೂಲು ತೆಗೆಯುವವರ) ಲೆಕ್ಕಪತ್ರಕ್ಕೆ ಒಂದು ಸಾಫ್ಟ್‌ವೇರ್ ಹಾಕಿಕೊಡುತ್ತಿದ್ದೇವೆ. ಅದರ ಜೊತೆ ಕೊಡಲು ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ‘ಸೆಟಪ್’, ‘ಇನ್‌ಸ್ಟಾಲ್’ ಎರಡನ್ನೂ ಹಾಗೇ ಬಿಟ್ಟಿದ್ದೇನೆ. ‘ಅನುಸ್ಥಾಪನೆ’ ಅಂದರೆ ಸುಮ್ನೆ ಮುಖ ನೋಡುತ್ತಾರೆ. ಸಿಕ್ಕಿಕೊಂಡಿರುವುದು ‘ರೋಲ್‌ಬ್ಯಾಕ್’ ಹತ್ತಿರ, ಅಂದರೆ ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡೋದು.

ಆಗೋದು ಹೀಗೆ. ಸೆಟಪ್ ಓಡುತ್ತಿರುತ್ತದೆ, ಕೆಲಸ ಎಷ್ಟಾಯ್ತು ಅಂತ ತೋರಿಸುವ ಪಟ್ಟಿ ಮುಕ್ಕಾಲು ತುಂಬಿರುತ್ತದೆ. ಇದ್ದಕ್ಕಿದ್ದಂತೆ ಅದು ಹಿಂದಕ್ಕೆ ಸರಿಯಲು ಶುರು. ‘ಕೆಟ್ಟೋಯ್ತು’ ಅಂತ ಗಾಬರಿಯಲ್ಲಿ ಸ್ವಿಚ್ಚೇ ಆರಿಸುವವರಿದ್ದಾರೆ. ಮಾಡಬಾರದ್ದೇ ಅದು. ವಿಂಡೋಸ್ ಇನ್‌ಸ್ಟಾಲರ್ (ವಿಂಡೋಸ್‌ನಲ್ಲಿ ಸಾಫ್ಟ್‌ವೇರ್ ಹಾಕಿಕೊಡುವ ವ್ಯವಸ್ಥೆ) ತಾನು ಬದಲಿಸುವ ಹಳೇ ಫೈಲುಗಳನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡಿರುತ್ತದೆ. ನಡುವೆ ಎಡವಿದರೆ, ಅಥವಾ ನಾವೇ ಕ್ಯಾನ್ಸಲ್ ಒತ್ತಿದರೆ, ಹೊಸದಾಗಿ ಹಾಕಿದ್ದನ್ನು ತೆಗೆದು ಹಳೆಯದನ್ನು ಅದರ ಜಾಗಕ್ಕೇ ಇಡುತ್ತದೆ. ತೆರೆಯ ಮೇಲೆ ಬರುವ 1603 ಎಂಬ ನಂಬರು ‘ಕೆಲಸ ಆಗಲಿಲ್ಲ’ ಅನ್ನೋದಕ್ಕಿಂತ ಜಾಸ್ತಿ ಏನೂ ಹೇಳೋದಿಲ್ಲ. ಎಡವಿದ್ದು ಎಲ್ಲಿ ಅಂತ ತಿಳಿಯಲು, ನಡೆದದ್ದನ್ನು ಬರೆದಿಡುವ ಲಾಗ್ ಫೈಲಿನಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಹುಡುಕಿ, ಅದರ ಮೇಲಿನ ಸಾಲುಗಳನ್ನು ಓದಬೇಕು.

ಈಗ ಪದ. ‘ಹಿಂತೆಗೆತ’ ಅಂದರೆ ಚುನಾವಣೆಯ ನಾಮಪತ್ರ ನೆನಪಾಗುತ್ತದೆ. ‘ಹಿಂದಿರುಗು’ ಅಂದರೆ ಬ್ಯಾಕ್ ಬಟನ್ ಅಂದುಕೊಳ್ಳುತ್ತಾರೆ. ‘ಮರುಸ್ಥಾಪನೆ’ ಇನ್ನೂ ಕಷ್ಟ, ಮತ್ತೆ ಇನ್‌ಸ್ಟಾಲ್ ಮಾಡು ಅಂತಲೂ ಓದಬಹುದು. ‘ತೆಗೆದುಹಾಕು’ ಅನ್‌ಇನ್‌ಸ್ಟಾಲ್‌ಗೆ ಸರಿ. ಇಲ್ಲಿ ಹಳೇ ಆವೃತ್ತಿ ವಾಪಸ್ ಬರುತ್ತದಲ್ಲ, ಅದು ಬೇರೆ.

ನನಗೆ ಹಿಡಿಸಿದ್ದು ‘ಬಿಚ್ಚು’. ಹಾಕಿದ ಹೊಲಿಗೆಯನ್ನು ಬಿಚ್ಚುತ್ತೇವೆ ಅಲ್ವಾ? ಆದರೆ ರೇಷ್ಮೆ ಕಸುಬಿನಲ್ಲಿ ಗೂಡಿನಿಂದ ನೂಲು ತೆಗೆಯೋದೇ ‘ನೂಲು ಬಿಚ್ಚಾಣಿಕೆ’. ಈ ಊರಲ್ಲಿ ಬಿಚ್ಚುತ್ತಿದೆ ಅಂದರೆ ಕೆಲಸ ಮುಂದೆ ಸಾಗುತ್ತಿದೆ ಅಂತ! ಸಾಲದ್ದಕ್ಕೆ, ಜಿಪ್ ಫೈಲು ತೆರೆಯೋದಕ್ಕೂ ಹುಡುಗರು ಬಿಚ್ಚೋದು ಅನ್ನುತ್ತಾರೆ.

ಸದ್ಯಕ್ಕೆ ‘ಮೊದಲಿದ್ದ ಹಾಗೆ ಮಾಡುತ್ತಿದೆ, ಮುಗಿಯುವವರೆಗೂ ಮುಟ್ಟಬೇಡಿ’ ಅಂತ ಬರೆದಿದ್ದೇನೆ. ವಾಕ್ಯದೊಳಗೆ ಇದು ಸಾಕು. ತಲೆಬರಹಕ್ಕೆ ಮಾತ್ರ ಒಂದೇ ಪದದ ಹೆಸರು ಬೇಕು. ‘ಹಿಂಸರಿತ’ ಹೇಗೆ? ‘ಹಿಂಜರಿತ’ ಅಂತ ಓದಿಬಿಡುತ್ತಾರೇನೋ. ನಿಮ್ಮ ಕಡೆ ಕಂಪ್ಯೂಟರ್ ರಿಪೇರಿಯವರು ಇದಕ್ಕೆ ಏನನ್ನುತ್ತಾರೆ? ಇಲ್ಲಿ ‘ರಿವರ್ಸ್ ಹೊಡೀತಿದೆ’ ಅನ್ನೋದು ಕೇಳಿದ್ದೇನೆ. ಅಚ್ಚಿಗೆ ಹಾಕಲು ಧೈರ್ಯ ಬರುತ್ತಿಲ್ಲ.