ಚಾನೆಲ್ ಒಂದ್ಕಡೆ ವಾಲ್ತಿದೆಯಾ, ಇಲ್ಲಾ ನಂಗೇ ಹಂಗನ್ಸ್ತಿದೆಯಾ?

ನಾನು ದಿನಾ ರಾತ್ರಿ ನೋಡೋ ನ್ಯೂಸ್ ಚಾನೆಲ್‌ನಲ್ಲಿ ಆಡಳಿತ ಪಕ್ಷದೋರು ಮಾತಾಡಿದ್ರೆ "ಹೇಳಿದರು" ಅಂತ ಹಾಕ್ತಾರೆ, ವಿರೋಧ ಪಕ್ಷದೋರು ಅದೇ ಧಾಟೀಲಿ ಮಾತಾಡಿದ್ರೆ "ನಾಲಿಗೆ ಹರಿಬಿಟ್ಟರು" ಅಂತ ಬರುತ್ತೆ, ಒಂದ್ಸಲ ಆಗಿದ್ರೆ ಬಿಡ್ಬೋದಿತ್ತು, ತಿಂಗಳಿಂದ ಇದೇ ಕತೆ. ಇದು ಪಕ್ಷಪಾತಾನಾ ಅಥ್ವಾ ನಂದೇ ಕಾಮಾಲೆ ಕಣ್ಣಾ?

ಉತ್ತರ 1:
ಎರಡೂ ಇರ್ಬೋದು ಗುರು. 1985ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ಯೂನಿವರ್ಸಿಟಿಯೋರು ಒಂದು ಸ್ಟಡಿ ಪ್ರಕಟಿಸಿದ್ರು, 1982ರಲ್ಲಿ ಲೆಬನಾನ್‌ನ ಬೈರೂತ್‌ನಲ್ಲಿ ನಡೆದ ಹತ್ಯಾಕಾಂಡದ ಅದೇ ಟಿವಿ ನ್ಯೂಸನ್ನ ಇಸ್ರೇಲ್ ಪರ ಇರೋರ್ಗೂ ಅರಬ್ ಪರ ಇರೋರ್ಗೂ ತೋರ್ಸಿದ್ರೆ ಇಬ್ರೂ "ಇದು ನಮ್ ವಿರುದ್ಧ ಇದೆ" ಅಂದ್ರಂತೆ! ಹಂಗಂತ ಎಲ್ಲಾ ನಿಮ್ ಭ್ರಮೆ ಅಂತ ಹೇಳ್ತಿಲ್ಲ.

ಉತ್ತರ 2:
ಪದ ಹಿಡ್ದಿದ್ದು ಸರಿ, ಆದ್ರೆ ನಂಗೆ ಅದಕ್ಕಿಂತ ತೋರಿಸ್ದೇ ಇರೋದೇ ದೊಡ್ಡ ವಿಷ್ಯ. ಒಂದು ವಾರ ಬರ್ದಿಡಿ, ಮೊದಲ ಸುದ್ದಿ ಯಾವ್ದು, ಡಿಬೇಟಲ್ಲಿ ಆಂಕರ್ ಯಾರ ಮಾತನ್ನ ಜಾಸ್ತಿ ಕಟ್ ಮಾಡ್ತಾರೆ, ಬೇರೆ ಕಡೆ ಬಂದಿರೋ ಯಾವ ಸುದ್ದಿ ಇಲ್ಲಿ ಬರ್ಲೇ ಇಲ್ಲ. ಅವ್ರ ಜಾಹೀರಾತು ಯಾರದ್ದು, ಮಾಲೀಕರು ಯಾರು ಅನ್ನೋದೂ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಉತ್ತರ 3:
ಯಾರಿಗೆ ಎಷ್ಟು ನಿಮಿಷ ಕೊಟ್ರು ಅಂತ ಮಾತ್ರ ಎಣಿಸ್ಬೇಡಿ. ಅಧಿಕಾರದಲ್ಲಿರೋರು ಸುದ್ದಿಲಿ ಜಾಸ್ತಿ ಬರೋದು ಸಹಜ. ಬ್ರಿಟನ್‌ನಲ್ಲಿ ಟಿವಿ, ರೇಡಿಯೋ ಮೇಲೆ ಕಣ್ಣಿಡೋ ಸಂಸ್ಥೆ ಆಫ್‌ಕಾಮ್‌ನ ನಿಯಮದಲ್ಲೂ ನಿಷ್ಪಕ್ಷಪಾತ ಅಂದ್ರೆ ಎಲ್ರಿಗೂ ಸಮ ಸಮ ಟೈಮ್ ಅಂತಿಲ್ಲ, ವಿಷ್ಯಕ್ಕೆ ತಕ್ಕಂತೆ ಅಂತಿದೆ.

ಪ್ರಶ್ನೆ ಕೇಳಿದೋರು:
ಸರಿ, ಇವತ್ತಿಂದ ನೋಟ್‌ಬುಕ್ ಇಟ್ಕೊಂಡೇ ಕೂರ್ತೀನಿ. ಮನೇಲಿ ನಗ್ತಾರೆ ಅಷ್ಟೇ.