ಆಲಮಟ್ಟಿ ನೀರಿನ ಮಟ್ಟ, ಮಳೆ, ಬಾವಿ: ಖಾಲಿ ದಿನಗಳನ್ನು ಹೇಗೆ ತುಂಬಿದಿರಿ?

ಕೇಳಿದ್ದು, ವಿಜಯಪುರದಿಂದ:
ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಆಲಮಟ್ಟಿ ಜಲಾಶಯದ ದಿನದ ಮಟ್ಟ, ಸುತ್ತಲಿನ ತಾಲ್ಲೂಕುಗಳ ಮಳೆ, ಕೆಲವು ಬಾವಿಗಳ ನೀರಿನ ಆಳ, ಮೂರನ್ನೂ ಒಂದೇ ಫೈಲ್‌ನಲ್ಲಿ ಇಟ್ಟಿದ್ದೇನೆ. ನಡುನಡುವೆ ಖಾಲಿ ಇದೆ. ಇಂಟರ್‌ಪೊಲೇಷನ್ (ಆಚೀಚೆಯ ಅಂಕಿಗಳಿಂದ ನಡುವಿನದನ್ನು ಅಂದಾಜಿಸುವುದು) ಹಾಕಿ ಎಲ್ಲ ಕಾಲಂ ಒಂದೇ ಸಲ ತುಂಬಬಹುದಾ? ಮಾಡಿದವರು ಹೇಳಿ.

ಬಾಗಲಕೋಟೆಯಿಂದ:
ಒಂದೇ ಸಲ ಬೇಡ್ರಿ. ಮೂರೂ ಬೇರೆ ಸ್ವಭಾವದವು. ಜಲಾಶಯದ ಮಟ್ಟ ಸಾಮಾನ್ಯವಾಗಿ ನಿನ್ನೆಯದಕ್ಕೆ ಹತ್ತಿರವೇ ಇರುತ್ತದೆ. 10ರಂದು 515 ಮೀಟರ್, 14ರಂದು 517 ಅಂದುಕೊಳ್ಳಿ. ನೇರ ಗೆರೆ ಎಳೆದರೆ ನಡುವಿನ ಮೂರು ದಿನ 515.5, 516, 516.5. ಇದನ್ನು ಒಪ್ಪಬಹುದು.

ಮಳೆ ಹಾಗಲ್ಲ. ಸೋಮವಾರ ಸೊನ್ನೆ, ಗುರುವಾರ 30 ಮಿ.ಮೀ., ನಡುವೆ ಎರಡು ದಿನ ಖಾಲಿ. ಅದೇ ಗೆರೆ 10, 20 ಅಂತ ತುಂಬುತ್ತದೆ. ಬಿತ್ತೋ ಇಲ್ಲವೋ ಗೊತ್ತಿಲ್ಲದ 30 ಮಿ.ಮೀ. ತಿಂಗಳ ಲೆಕ್ಕಕ್ಕೆ ಸೇರಿಹೋಯಿತು! ನಮ್ಮ ಕಡೆ ಒಂದೂರಲ್ಲಿ ಹಳ್ಳ ಹರಿದರೆ ಪಕ್ಕದೂರಲ್ಲಿ ಬರೀ ಧೂಳು, ಗೊತ್ತಲ್ವಾ? ಹತ್ತಿರದ ಮಳೆಮಾಪಕದ ಅಂಕಿ ನೋಡಿ. ಅದೂ ಹೊಂದದಿದ್ದರೆ ಖಾಲಿಯೇ ಇರಲಿ.

ಇನ್ನೊಂದು, ಸ್ಪ್ಲೈನ್ ಬಗ್ಗೆ ಹುಷಾರು, ಅಂದರೆ ನೇರ ಗೆರೆ ಬದಲು ನುಣುಪಾದ ಬಾಗುಗೆರೆ ಎಳೆದು ತುಂಬುವ ವಿಧಾನ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ನೀರು ಏರುತ್ತಾ ಬಂದು ತುಂಬಿ ನಿಲ್ಲುವ ಜಾಗದಲ್ಲೇ ನನ್ನ ಡೇಟಾದಲ್ಲಿ ಐದು ದಿನ ಇರಲಿಲ್ಲ. ಸ್ಪ್ಲೈನ್ ಏರಿದ ಭರದಲ್ಲೇ 519.60 ದಾಟಿ, ಆಮೇಲೆ ಬಾಗಿ ಕೆಳಗೆ ಬಂತು. ಗೆರೆ ನುಣುಪಾಗಿ, ಚಂದ ಇತ್ತು. ಹಾಗಾಗಿ ಎರಡು ವಾರ ನನ್ನ ಕಣ್ಣಿಗೇ ಬೀಳಲಿಲ್ಲ. ಈಗ ಮಟ್ಟಕ್ಕೆ ನೇರ ಗೆರೆ ಮಾತ್ರ.

ಬೆಳಗಾವಿಯಿಂದ:
ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ ಝೂ ಪ್ಯಾಕೇಜಿನ ಎನ್‌ಎ ಡಾಟ್ ಅಪ್ರಾಕ್ಸ್ ಸಾಕು, ಖಾಲಿಯನ್ನು ನೇರ ಗೆರೆಯಲ್ಲಿ ತುಂಬುವ ಫಂಕ್ಷನ್ ಅದು. ಆದರೆ ಸುಮ್ನೆ ಕಾಲಂ ಕೊಟ್ಟರೆ ಅದು ಸಾಲು ಎಣಿಸುತ್ತದೆ, ತಾರೀಖು ನೋಡುವುದಿಲ್ಲ. ಬಾವಿಯಲ್ಲಿ ಇದು ಜಾಸ್ತಿ ಕೆಡಿಸುತ್ತದೆ, ಅಲ್ಲಿ ಅಳತೆ ದಿನಾ ಆಗಲ್ಲ. ಜುಲೈ 1ಕ್ಕೆ 45 ಅಡಿ, 4ಕ್ಕೆ ಖಾಲಿ, 10ಕ್ಕೆ 36 ಅಡಿ. ಸಾಲಿನ ಲೆಕ್ಕದಲ್ಲಿ 40.5 ಬರುತ್ತದೆ, ತಾರೀಖಿನ ಲೆಕ್ಕದಲ್ಲಿ 42. ತಾರೀಖಿನ ಕಾಲಂ ಅನ್ನು ಎಕ್ಸ್ ಅಂತ ಕೊಡಿ. ಮೊದಲ ಅಥವಾ ಕೊನೆಯ ಸಾಲು ಖಾಲಿ ಇದ್ದರೆ ಅದನ್ನು ಕತ್ತರಿಸಿಬಿಡುತ್ತದೆ, ಉದ್ದ ಹೊಂದದೆ ಎರರ್ ಬರುತ್ತದೆ. ಕತ್ತರಿಸದಿರಲು ಎನ್‌ಎ ಡಾಟ್ ಆರ್‌ಎಂ ಅನ್ನೋ ಆಯ್ಕೆಯನ್ನು ಫಾಲ್ಸ್ ಮಾಡಿ.

ವಿಜಯಪುರದಿಂದ ಇನ್ನೊಬ್ಬರು:
ನಾನು ಪೈಥಾನ್‌ನ ಪಾಂಡಾಸ್ ಲೈಬ್ರರಿಯ ಇಂಟರ್‌ಪೊಲೇಟ್ ಬಳಸುತ್ತೇನೆ. ಅಲ್ಲೂ ಅದೇ ಕಥೆ. ತಾರೀಖನ್ನು ಇಂಡೆಕ್ಸ್ ಮಾಡಿ, ಮೆಥಡ್‌ಗೆ ಟೈಮ್ ಅಂತ ಕೊಡಬೇಕು. ಲಿಮಿಟ್ 3 ಅಂದರೆ ಹತ್ತು ದಿನದ ಖಾಲಿಯಲ್ಲೂ ಮೊದಲ ಮೂರನ್ನು ತುಂಬುತ್ತದೆ. ಆರ್‌ನ ಮ್ಯಾಕ್ಸ್‌ಗ್ಯಾಪ್ 3 ಹಾಗಲ್ಲ, ಉದ್ದದ ಖಾಲಿಯನ್ನು ಮುಟ್ಟುವುದೇ ಇಲ್ಲ. ನನಗೆ ಆರ್‌ನದೇ ಸರಿ ಅನ್ನಿಸುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಬಾವಿಗಳೆಲ್ಲ ಒಂದರ ಕೆಳಗೊಂದು ಇದ್ದವು. ಬಸವನ ಬಾಗೇವಾಡಿಯ ಬಾವಿಯ ಕೊನೆಯ ಅಳತೆಗೂ ಸಿಂದಗಿ ಬಾವಿಯ ಮೊದಲ ಅಳತೆಗೂ ಗೆರೆ ಎಳೆದುಬಿಟ್ಟಿತ್ತು! ಮೊದಲು ಬಾವಿವಾರು ಗುಂಪು ಮಾಡಿ, ಆಮೇಲೆ ತುಂಬಿ. ತುಂಬಿದ ಸಾಲಿಗೆ ಗುರುತಿನ ಕಾಲಂ ಒಂದು ಇರಲಿ. ಗೈಡ್ ಕೇಳಿದಾಗ ಯಾವುದು ಅಳೆದದ್ದು, ಯಾವುದು ತುಂಬಿದ್ದು ತೋರಿಸಬಹುದು.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಗೊತ್ತಿರುವ ಇಪ್ಪತ್ತು ದಿನದ ಅಂಕಿ ಅಳಿಸಿ, ತುಂಬಿಸಿ, ಹೋಲಿಸಿ ನೋಡಿದೆ. ಜಲಾಶಯದ ಮಟ್ಟ ಹತ್ತಿರ ಹತ್ತಿರ ಬಂತು. ಮಳೆ ಒಂದು ದಿನವೂ ಕೂಡಿ ಬರಲಿಲ್ಲ. ಮಳೆ ಕಾಲಂ ಖಾಲಿಯೇ ಬಿಡುತ್ತಿದ್ದೇನೆ. ಬಾವಿಗಳನ್ನು ಇವತ್ತು ರಾತ್ರಿ ಗುಂಪು ಮಾಡುತ್ತೇನೆ.