ಮೂಳೆ ಒಳಗಿನ ಕೊಬ್ಬು ತೂಕ ಇಳಿಸಿದ್ರೆ ಕರಗುತ್ತಾ?

ನವಿಲುಗರಿ:
ಅಮ್ಮಂಗೆ ಬೆನ್ನುನೋವು ಅಂತ ಎಂಆರ್‌ಐ ಮಾಡಿಸಿದ್ವಿ, ರಿಪೋರ್ಟಲ್ಲಿ ‘ಫ್ಯಾಟಿ ಮ್ಯಾರೋ’ (ಮೂಳೆ ಮಜ್ಜೇಲಿ ಕೊಬ್ಬು) ಅಂತ ಒಂದು ಸಾಲು ಇದೆ. ವಯಸ್ಸು 61, ಟೈಪ್ 2 ಶುಗರ್ ಇದೆ. ಡಾಕ್ಟ್ರು ಅದ್ರ ಬಗ್ಗೆ ಏನೂ ಹೇಳ್ಲಿಲ್ಲ, ಮನೆಗೆ ಬಂದ್ಮೇಲೆ ನಂಗೆ ತಲೇಲಿ ಹುಳ ಬಿಟ್ಟಂಗಾಗಿದೆ. ಇದೂ ಫ್ಯಾಟಿ ಲಿವರ್ ತರಾನೇನಾ, ಊಟ ಕಮ್ಮಿ ಮಾಡಿ ತೂಕ ಇಳಿಸಿದ್ರೆ ಹೋಗುತ್ತಾ? ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ನಾರ್ಮಲ್ ಬಂದಿದೆ.

ಬಿಳಿಹಾಳೆ:
ಆ ವಯಸ್ಸಿಗೆ ಆ ಸಾಲು ಮಾಮೂಲಿ. ಹುಟ್ಟಿದಾಗ ಮಜ್ಜೆ ಹೆಚ್ಚುಕಮ್ಮಿ ಪೂರ್ತಿ ಕೆಂಪಗಿರುತ್ತೆ, ರಕ್ತ ತಯಾರಿಸೋದೇ ಅದು, ಆಮೇಲೆ ಕೈಕಾಲಿನ ತುದಿಯಿಂದ ಶುರುವಾಗಿ ಹಳದಿ ಕೊಬ್ಬಾಗ್ತಾ ಬರುತ್ತೆ, ಆರೋಗ್ಯವಾಗಿರೋ ದೊಡ್ಡೋರಲ್ಲೂ ಮಜ್ಜೆಯ ಸುಮಾರು 70% ಜಾಗ ಕೊಬ್ಬಿಂದೇ. ಮುಟ್ಟು ನಿಂತು ಈಸ್ಟ್ರೋಜನ್ ಇಳಿದ್ಮೇಲೆ ಬೆನ್ನುಮೂಳೇಲೂ ಜಾಸ್ತಿ ಆಗುತ್ತೆ.

ಆದ್ರೆ ಲಿವರ್ ಲೆಕ್ಕ ಇಲ್ಲಿ ನಡೆಯಲ್ಲ. ಹೊಟ್ಟೆ ಕಟ್ಟಿದ್ರೆ ಇದು ಕರಗೋ ಬದ್ಲು ಹೆಚ್ಚೇ ಆಗ್ಬೋದು! ಅನೊರೆಕ್ಸಿಯಾ (ಊಟ ಬಿಟ್ಟು ಸೊರಗೋ ಕಾಯಿಲೆ) ಇರೋರ ಮೈಮೇಲೆ ಕೊಬ್ಬೇ ಇರಲ್ಲ, ಮಜ್ಜೇಲಿ ಮಾತ್ರ ತುಂಬ್ಕೊಂಡಿರುತ್ತೆ, ಮೂಳೆನೂ ಸವೆದಿರುತ್ತೆ. ಕ್ರ್ಯಾಶ್ ಡಯಟ್ ಸಹವಾಸಕ್ಕೆ ಹೋಗ್ಬೇಡಿ.

ಸುಮ್ನೆಓದೋನು:
ನಂಗೆ ಆ ಡೆಕ್ಸಾ ನಾರ್ಮಲ್ ಅನ್ನೋದೇ ಅನುಮಾನ. ಟೈಪ್ 2 ಇರೋರಲ್ಲಿ ಸಾಂದ್ರತೆ ಚೆನ್ನಾಗೇ ಕಾಣುತ್ತೆ, ಎಷ್ಟೋ ಸಲ ಬೇರೆಯವರಿಗಿಂತ ಜಾಸ್ತಿನೇ ಇರುತ್ತೆ, ಆದ್ರೂ ಆ ನಂಬರ್ ಹೇಳೋದಕ್ಕಿಂತ ಹೆಚ್ಚಾಗಿ ಮೂಳೆ ಮುರಿಯುತ್ತೆ. ಇನ್ನೊಂದು, ಮಜ್ಜೇಲಿರೋ ಒಂದೇ ಜಾತಿ ಸ್ಟೆಮ್ ಸೆಲ್ ಮೂಳೆ ಕಟ್ಟೋ ಆಸ್ಟಿಯೋಬ್ಲಾಸ್ಟೂ ಆಗ್ಬೋದು, ಕೊಬ್ಬಿನ ಕೋಶನೂ ಆಗ್ಬೋದು. ಪಿಪಿಎಆರ್-ಗಾಮಾ ಅನ್ನೋ ಪ್ರೋಟೀನ್ ಚುರುಕಾದ್ರೆ ಕೊಬ್ಬಿನ ಕಡೆ ವಾಲುತ್ತೆ, ಶುಗರಿಗೆ ಕೊಡೋ ಪಿಯೊಗ್ಲಿಟಜೋನ್ ಮಾತ್ರೆ ಕೆಲಸ ಮಾಡೋದೇ ಅದ್ರ ಮೇಲೆ, ಅದಕ್ಕೇ ಅದನ್ನ ತಗೊಳ್ಳೋ ಹೆಂಗಸರಲ್ಲಿ ಮೂಳೆ ಮುರಿತದ ರಿಸ್ಕ್ ಜಾಸ್ತಿ ಅನ್ನೋ ಎಚ್ಚರಿಕೆ ಇದೆ. ತುಂಬಾ ದಿನ ಸ್ಟೀರಾಯ್ಡ್ ತಗೊಂಡ್ರೂ ಇದೇ ಕತೆ. ಅಮ್ಮನ ಮಾತ್ರೆ ಚೀಟಿ ಒಂದ್ಸಲ ನೋಡಿ.

ನವಿಲುಗರಿ:
ನೋಡ್ದೆ, ಪಿಯೊಗ್ಲಿಟಜೋನ್ ಇದೆ 😐 ನಿಲ್ಲಿಸ್ಬಿಡ್ಲಾ?

ಸುಮ್ನೆಓದೋನು:
ಅಯ್ಯೋ ನೀವೇ ನಿಲ್ಲಿಸ್ಬೇಡಿ, ಶುಗರ್ ಏರಿದ್ರೆ ಅದೂ ಮೂಳೆಗೆ ಕೆಟ್ಟದ್ದೇ. ಚೀಟಿ ಹಿಡ್ಕೊಂಡು ಹೋಗಿ, ಮೂಳೆ ದೃಷ್ಟಿಯಿಂದ ಬದಲಾಯಿಸ್ಬೇಕಾ ಅಂತ ನೇರವಾಗಿ ಕೇಳಿ.

ಬಿಳಿಹಾಳೆ:
ಜೊತೆಗೆ ಹಿಮೋಗ್ಲೋಬಿನ್ ಎಷ್ಟಿದೆ ಅಂತಾನೂ ನೋಡಿ, ಬ್ಲಡ್ ಕೌಂಟ್ ಸರಿ ಇದ್ರೆ ಆ ಸಾಲಿನ ಚಿಂತೆ ಬಿಡಿ. ಮತ್ತೆ ಬೆನ್ನುನೋವು ಅಂತ ಪೂರ್ತಿ ಮಲಗಿಸ್ಬೇಡಿ, ವಾರಗಟ್ಲೆ ಹಾಸಿಗೆ ಹಿಡಿದ್ರೂ ಮಜ್ಜೆ ಕೊಬ್ಬು ಏರುತ್ತೆ. ಫಿಸಿಯೋ ಒಪ್ಪಿದ್ರೆ ನಡಿಗೆ ಜೊತೆ ಸ್ವಲ್ಪ ತೂಕ ಎತ್ತೋ ವ್ಯಾಯಾಮನೂ ಶುರು ಮಾಡ್ಸಿ.